ಅಂಗಿ ಜೇಬು, ರೆಕ್ಸಿನ್ ಚೀಲ

ನಮ್ಮ ಮನೆಯ ಹಿಂದಿನ ಕಿಟಕಿಯಿಂದ ಒಂದು ಕಪ್ಪು ವಯರ್ ಹೊರಡುತ್ತದೆ. ಎರಡು ಸಿಲ್ವರ್ ಓಕ್ ಮರ ದಾಟಿ, ಮೂರನೆಯದರಲ್ಲಿ ತುಂಡಾಗಿ ನೇತಾಡುತ್ತದೆ. ಕೇಬಲ್ ಟಿವಿಯ ವಯರ್. ಮನೆಗೆ ಫೈಬರ್ ಬಂದು ವರ್ಷಗಳಾದವು, ಟಿವಿ ಈಗ ಅದರಲ್ಲೇ ಬರುತ್ತದೆ. ಹಳೆ ವಯರಿನ ಮೇಲೆ ಮೆಣಸಿನ ಬಳ್ಳಿ ಹಬ್ಬಿದೆ. ಒಂದು ಕಡೆ ಮರದ ತೊಗಟೆಯೇ ಅದನ್ನು ನುಂಗಿದೆ. ಈ ಸಲ ಮೆಣಸು ಕೊಯ್ಯಲು ಏಣಿ ಹತ್ತಿದ ಹುಡುಗ ಮೇಲಿಂದಲೇ ಕೇಳಿದ, "ಅಣ್ಣಾ, ಇದನ್ನ ಕತ್ತರಿಸಿ ಬಿಸಾಕ್ಲಾ?" ಬೇಡ, ಇರಲಿ ಅಂದೆ. ಯಾಕೆ ಹಾಗಂದೆ ಅಂತ ನನಗೇ ಗೊತ್ತಾಗಲಿಲ್ಲ. ಹುಡುಗ ನಕ್ಕು ಸುಮ್ಮನಾದ.

ಆ ವಯರಿಗೆ ನಾನು ಎರಡು ವರ್ಷ ದುಡ್ಡು ವಸೂಲಿ ಮಾಡಿದ್ದೇನೆ. ಪಿಯುಸಿ ಓದುತ್ತಿದ್ದಾಗ, 1997-98ರಲ್ಲಿ, ಕೊಡಗಿನ ಮಾದಾಪುರದ ಹತ್ತಿರದ ನಮ್ಮ ಊರಿನಲ್ಲಿ. ಅದು ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ದೂರದ್ದು. ಕೆಲವು ತಿಂಗಳಿಂದ ನಾನು ಅಮೆರಿಕದ ಒಂದು ಕೇಬಲ್ ಕಂಪನಿಯ ಕಥೆಯ ಹಿಂದೆ ಬಿದ್ದಿದ್ದೇನೆ. ಅಡೆಲ್ಫಿಯಾ ಅಂತ ಹೆಸರು. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ಒಂದು ತರಬೇತಿಯಲ್ಲಿ ಪಾಠ ಮಾಡಲು ಬಂದವರು ಸುಳ್ಳು ಲೆಕ್ಕ ಬರೆದು ಮುಳುಗಿದ ಅಮೆರಿಕದ ಎನ್ರಾನ್ ಕಂಪನಿ ಬಗ್ಗೆ ಅರ್ಧ ಗಂಟೆ ಮಾತಾಡಿ, ಅಡೆಲ್ಫಿಯಾ ಬಗ್ಗೆ ಅರ್ಧ ನಿಮಿಷ ಹೇಳಿ ಊಟಕ್ಕೆ ಬಿಟ್ಟರು. ಆ ಅರ್ಧ ನಿಮಿಷ ನನ್ನ ತಲೆಯಿಂದ ಹೋಗಲಿಲ್ಲ. "ಅಣ್ಣತಮ್ಮಂದಿರು ಸೇರಿ ಬೆಟ್ಟದ ಊರಿನಲ್ಲಿ ಶುರು ಮಾಡಿದ ಕೇಬಲ್ ವ್ಯಾಪಾರ" ಅಂದಿದ್ದರು. ನಮ್ಮ ಕೇಬಲ್ ಅಣ್ಣನೇ ಕಣ್ಣ ಮುಂದೆ ಬಂದ.

ಗುಡ್ಡ ಅಡ್ಡ ಬಂದ ಊರುಗಳು

ಕೇಬಲ್ ಟಿವಿ ಹುಟ್ಟಿದ್ದೇ ಗುಡ್ಡದ ಊರುಗಳಲ್ಲಿ. ಪಟ್ಟಣದವರಿಗೆ ಅದು ಬೇಕಿರಲಿಲ್ಲ. ಮನೆ ಮೇಲೆ ಆಂಟೆನಾ ಹಾಕಿದರೆ ಸಾಕಿತ್ತು. ಪೆನ್ಸಿಲ್ವೇನಿಯಾದ ಮಹನೋಯ್ ಸಿಟಿಯಲ್ಲಿ ಜಾನ್ ವಾಲ್ಸನ್ ಎಂಬಾತ ಟಿವಿ ಸೆಟ್ ಮಾರುತ್ತಿದ್ದ. ಸುತ್ತ ಬೆಟ್ಟ, ಸಿಗ್ನಲ್ ಇಲ್ಲ. ಚಿತ್ರ ಬಾರದ ಟಿವಿ ಯಾರು ತಗೊಳ್ತಾರೆ? ಆತ ಬೆಟ್ಟದ ತಲೆ ಮೇಲೆ ಆಂಟೆನಾ ನಿಲ್ಲಿಸಿ ಊರಿಗೆ ವಯರ್ ಎಳೆದ. 1948ರಲ್ಲೇ ಎಳೆದೆ ಅಂತ ಹೇಳಿಕೊಳ್ಳುತ್ತಿದ್ದ. ಅದೇ ಹೊತ್ತಿಗೆ ಒರೆಗಾನ್‌ನ ಆಸ್ಟೋರಿಯಾದಲ್ಲಿ ಎಡ್ ಪಾರ್ಸನ್ಸ್ ಕೂಡ ಇಂಥದ್ದೇ ಕೆಲಸ ಮಾಡಿದ್ದ. ಮೊದಲು ಯಾರು ಅನ್ನುವ ಜಗಳ ಅವರದು, ನಮಗೆ ಬೇಡ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಮಾಯಣ ಬರುತ್ತಿದ್ದ ಕಾಲದಲ್ಲಿ ನಮ್ಮ ಆಂಟೆನಾ ಇದ್ದದ್ದು ಸಿಲ್ವರ್ ಓಕ್ ತುದಿಯಲ್ಲಿ. ಬಿದಿರಿಗಿಂತ ಮರ ಎತ್ತರ ಅಂತ ಅಪ್ಪನ ಲೆಕ್ಕ. ಆದರೆ ಮಳೆಗಾಲದ ಗಾಳಿಗೆ ಮರ ಬಾಗಿದರೆ ರಾಮನೂ ಬಾಗುತ್ತಿದ್ದ. ಮರ ನೆಟ್ಟಗಾದರೆ ರಾಮನೂ ನೆಟ್ಟಗೆ. ಆಮೇಲೆ ಕರೆಂಟ್ ಹೋಗುತ್ತಿತ್ತು, ಎಲ್ಲರೂ ಎದ್ದು ದೋಸೆ ತಿನ್ನಲು ಹೋಗುತ್ತಿದ್ದರು.

ಅಡೆಲ್ಫಿಯಾ ಕಟ್ಟಿದ ಜಾನ್ ರಿಗಾಸ್‌ನ ಊರು ಕೌಡರ್ಸ್‌ಪೋರ್ಟ್. ಅದೂ ಪೆನ್ಸಿಲ್ವೇನಿಯಾದ್ದೇ. ಎರಡೂವರೆ ಸಾವಿರ ಜನ ಇರಬಹುದಾದ ಊರು, ಅಂದರೆ ನಮ್ಮ ಸುಂಟಿಕೊಪ್ಪಕ್ಕಿಂತ ಚಿಕ್ಕದು. ಅಪ್ಪ ಅಮ್ಮ ಗ್ರೀಸ್‌ನಿಂದ ಬಂದವರು, ಪಕ್ಕದ ನ್ಯೂಯಾರ್ಕ್ ರಾಜ್ಯದ ವೆಲ್ಸ್‌ವಿಲ್ ಎಂಬಲ್ಲಿ ಹಾಟ್ ಡಾಗ್ ಹೋಟೆಲು ನಡೆಸುತ್ತಿದ್ದರು. ಮಗ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ, ಇಂಜಿನಿಯರಿಂಗ್ ಓದಿದ, 1951ರಲ್ಲಿ ಸಾಲ ಸೋಲ ಮಾಡಿ ಕೌಡರ್ಸ್‌ಪೋರ್ಟಿನ ಟಾಕೀಸ್ ಕೊಂಡ. ಮರುವರ್ಷ 300 ಡಾಲರ್ ಕೊಟ್ಟು ಊರಿಗೆ ಕೇಬಲ್ ಎಳೆಯುವ ಹಕ್ಕು ಕೊಂಡ. ಇದು ನನಗೆ ಬಹಳ ಇಷ್ಟವಾದ ವಿಷಯ. ಟಾಕೀಸಿನವನೇ ಮನೆಮನೆಗೆ ಟಿವಿ ತಂದುಕೊಟ್ಟ! ತಮ್ಮ ಗಸ್ ಜೊತೆಗಿದ್ದ. 1972ರಲ್ಲಿ ಕಂಪನಿಗೆ ಅಡೆಲ್ಫಿಯಾ ಅಂತ ಹೆಸರಿಟ್ಟರು. ಗ್ರೀಕ್‌ನಲ್ಲಿ ಅಣ್ಣತಮ್ಮಂದಿರು ಅನ್ನುವ ಪದದಿಂದ ಬಂದದ್ದು. 1986ರಲ್ಲಿ ಷೇರು ಹೊರಗಿನವರಿಗೂ ಮಾರಿದರು. 1999ರಲ್ಲಿ ಸೆಂಚುರಿ ಕಮ್ಯುನಿಕೇಶನ್ಸ್ ಅನ್ನುವ ದೊಡ್ಡ ಕಂಪನಿಯನ್ನೇ 500 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಗೆ ನುಂಗಿದರು. ಅಷ್ಟೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಅವರ ವಯರ್ ಹೋಗಿತ್ತು. ಲಾಸ್ ಏಂಜಲೀಸ್‌ನಲ್ಲೂ ಅವರದೇ. ಬಫಲೋ ಊರಿನ ಐಸ್ ಹಾಕಿ ತಂಡವೂ ಅವರದೇ. ಇಷ್ಟೆಲ್ಲ ಆದರೂ ಹೆಡ್ ಆಫೀಸ್ ಮಾತ್ರ ಕೌಡರ್ಸ್‌ಪೋರ್ಟ್ ಬಿಟ್ಟು ಕದಲಲಿಲ್ಲ.

ಶನಿವಾರದ ವಸೂಲಿ

ನಮ್ಮ ಕೇಬಲ್ ಅಣ್ಣ ನಮಗೆ ಸಂಬಂಧಿಕರಲ್ಲ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವರ ಅಪ್ಪ ಅಮ್ಮನಿಗಿಂತ ದೊಡ್ಡವರೂ ಅಣ್ಣ ಅಂತಲೇ ಕರೆಯುತ್ತಿದ್ದರು. ಮೊದಲು ರೇಡಿಯೊ ರಿಪೇರಿ, ಆಮೇಲೆ ವಿಸಿಆರ್ ಬಾಡಿಗೆ, ಆಮೇಲೆ ಡಿಶ್. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಯಿತು, ನಮ್ಮ ಕಡೆ ಕಾಫಿಗೆ ಯಾರೂ ಕನಸಿನಲ್ಲೂ ನೆನೆಸದ ರೇಟು ಬಂತು. ಅದೇ ವರ್ಷ ಉದಯ ಟಿವಿ ಶುರುವಾಯಿತು. ಎರಡೂ ಸೇರಿ ಊರಿನ ಮನೆಮನೆಗೆ ಕಲರ್ ಟಿವಿ ಬಂತು. ಅಣ್ಣ ಕಾಫಿ ತೋಟಗಳ ಮೇಲೆ, ಮರದಿಂದ ಮರಕ್ಕೆ, ಕೊಯಾಕ್ಸಿಯಲ್ ವಯರ್ ಎಳೆದರು. ಕಂಬದ ಖರ್ಚೇ ಇಲ್ಲ. ಯಾರ ತೋಟದಲ್ಲೂ ಪರ್ಮಿಶನ್ ಕೇಳಿದ್ದು ನನಗೆ ನೆನಪಿಲ್ಲ. ಅಣ್ಣ ಅಲ್ವಾ, ಹೋಗ್ಲಿ ಬಿಡು.

ತಿಂಗಳಿಗೆ 60 ರೂಪಾಯಿ. ತೋಟದ ಕೆಲಸದವರ ಲೈನ್ ಮನೆಗಳಿಗೆ 30, ಅದೂ ಇದ್ದರೆ. ಶನಿವಾರ ನಾನೂ ಅಣ್ಣನೂ ಸ್ಕೂಟರಿನಲ್ಲಿ ಹೊರಡುತ್ತಿದ್ದೆವು. ನನ್ನ ಹೆಗಲಿಗೆ ಕಂದು ಬಣ್ಣದ ರೆಕ್ಸಿನ್ ಚೀಲ, ಕೈಯಲ್ಲಿ ಉದ್ದದ ನೋಟ್‌ಬುಕ್. ಬಂದ ದುಡ್ಡು ಚೀಲಕ್ಕೆ. ಆದರೆ ದಾರಿಯುದ್ದಕ್ಕೂ ಅಣ್ಣನ ಕೈ ಚೀಲಕ್ಕೆ ಬರುತ್ತಿತ್ತು. ಪೆಟ್ರೋಲಿಗೆ ಐವತ್ತು. ಮನೆಗೆ ಮೀನು. ಅಕ್ಕನ ಮಗಳ ಮದುವೆಗೆ ಮುಯ್ಯಿ. ಯಾವುದೋ ಅಜ್ಜಿಗೆ ಮಾತ್ರೆ. ತೆಗೆದದ್ದು ಅಂಗಿ ಜೇಬಿಗೆ ಹೋಗಿ, ಜೇಬಿನಿಂದ ಎಲ್ಲಿಗೋ ಹೋಗುತ್ತಿತ್ತು. ನಾನು ಆಗಲೇ ಲೆಕ್ಕದವನು, ಹುಟ್ಟುಗುಣ. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ "ಅಣ್ಣ - 50, ಅಣ್ಣ - 200" ಅಂತ ಬರೆಯುತ್ತಿದ್ದೆ. ಒಂದು ದಿನ ಅದು ಅವರ ಕಣ್ಣಿಗೆ ಬಿತ್ತು. ಸಿಟ್ಟೇನೂ ಬರಲಿಲ್ಲ. ನಗು ಬಂತು. "ನನ್ನ ಹೆಸರು ಯಾಕೆ ಬರೀತೀಯಾ ತಮ್ಮಾ? ಅಂಗಡಿ ನಂದೇ ಅಲ್ವಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಂಗಡಿ ಅವರದೇ.

ಒಂದು ರಾತ್ರಿಯಂತೂ ಮರೆಯುವ ಹಾಗೇ ಇಲ್ಲ. ಜುಲೈ ಮಳೆ. ನಾವು ಅಂಗಡಿಯಲ್ಲಿ ಕ್ಯಾಂಡಲ್ ಹಚ್ಚಿಕೊಂಡು ದುಡ್ಡು ಎಣಿಸುತ್ತಿದ್ದೆವು. ಲೈನ್ ಮನೆಯಿಂದ ಒಬ್ಬ ಓಡಿಬಂದ. ಹೆಂಡತಿಗೆ ಹೆರಿಗೆ ನೋವು, ದಿನ ಇನ್ನೂ ತುಂಬಿಲ್ಲ, ಮಡಿಕೇರಿಗೆ ಹೋಗಬೇಕು, ಜೀಪಿನವನು ಮುಂಗಡ ಕೇಳುತ್ತಿದ್ದಾನೆ. ಅಣ್ಣ ಎಣಿಸಿದ್ದ ಕಟ್ಟನ್ನು ಹಾಗೇ ಎತ್ತಿ ಅವನ ಕೈಗೆ ಕೊಟ್ಟರು. ಕಟ್ಟಿನಲ್ಲಿ ಎಷ್ಟಿತ್ತು ಅಂತಲೂ ನೋಡಲಿಲ್ಲ. ನನಗೆ ಗೊತ್ತಿತ್ತು, ಎರಡು ಸಾವಿರದ ನಾನೂರು. ತಾಯಿ ಮಗು ಇಬ್ಬರೂ ಉಳಿದರು. ಆ ತಿಂಗಳು ಮೈಸೂರಿನಿಂದ ಬರುತ್ತಿದ್ದ ಪೇ ಚಾನಲ್ ಏಜೆಂಟಿಗೆ ಕೊಡಲು ದುಡ್ಡು ಸಾಲಲಿಲ್ಲ. ಆತ ಡಿಕೋಡರ್ ಬಂದ್ ಮಾಡಿಸಿದ, ಸರಿಯಾಗಿ ಕ್ರಿಕೆಟ್ ಪಂದ್ಯದ ದಿನ. ದುಡ್ಡು ಕಟ್ಟಿದ್ದ ಇನ್ನೂರು ಮುನ್ನೂರು ಮನೆಯಲ್ಲಿ ಟಿವಿ ಮೇಲೆ ಬರೀ ಮಳೆ. ಊರಿನವರು ಅಂಗಡಿ ಮುಂದೆ ನಿಂತು ಬೈದರು. ಅಣ್ಣ ತಪ್ಪನ್ನು ಮೋಡದ ಮೇಲೆ ಹಾಕಿದರು. "ಮೋಡ ಜಾಸ್ತಿ, ಸಿಗ್ನಲ್ ಇಲ್ಲ" ಅಂದರು. ನಾನು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಆ ದುಡ್ಡು ಒಳ್ಳೆಯದಕ್ಕೆ ಹೋಯಿತು, ನಿಜ. ಆದರೆ ಮೀನಿಗೆ ಹೋದದ್ದೂ ಅದೇ ಚೀಲದಿಂದ. ಅಣ್ಣನ ಒಳ್ಳೆತನಕ್ಕೆ ಬೇರೆ ಚೀಲ ಇರಲಿಲ್ಲ.

ಅಲ್ಲಿ ಜಾಸ್ತಿ, ಇಲ್ಲಿ ಕಮ್ಮಿ

ಇದನ್ನು ಹೇಳಲೇಬೇಕು, ಯಾಕೆಂದರೆ ಓದಿ ನಾನು ಜೋರಾಗಿ ನಕ್ಕಿದ್ದೆ. ನಮ್ಮ ಅಂಗಡಿಯಲ್ಲಿ ಎರಡು ನೋಟ್‌ಬುಕ್ ಇದ್ದವು. ಒಂದರಲ್ಲಿ ನಿಜವಾದ ಮನೆಗಳು. ಇನ್ನೊಂದು ಏಜೆಂಟಿಗೆ ತೋರಿಸಲು, ಅದರಲ್ಲಿ ಮೂರನೇ ಒಂದು ಭಾಗ. ಪೇ ಚಾನಲ್‌ಗೆ ಮನೆ ಲೆಕ್ಕದಲ್ಲಿ ದುಡ್ಡು ಕೊಡಬೇಕಿತ್ತಲ್ಲ, ಹಾಗಾಗಿ ದೇಶದಲ್ಲಿ ಎಲ್ಲ ಕೇಬಲ್‌ನವರೂ ಮನೆ ಸಂಖ್ಯೆ ಕಮ್ಮಿ ಹೇಳುತ್ತಿದ್ದರು. ಅಡೆಲ್ಫಿಯಾದವರು ಉಲ್ಟಾ. ಷೇರು ಪೇಟೆಗೆ ಪ್ರತಿ ಮೂರು ತಿಂಗಳಿಗೂ ಗಿರಾಕಿಗಳ ಸಂಖ್ಯೆ ಏರಿದ್ದನ್ನು ತೋರಿಸಬೇಕು. ಏರದಿದ್ದಾಗ ಬ್ರೆಜಿಲ್, ವೆನೆಜುವೆಲಾದಲ್ಲಿ ಪಾಲು ಇದ್ದ ಬೇರೆ ಕಂಪನಿಗಳ ಗಿರಾಕಿಗಳನ್ನೂ ತಂದು ಸೇರಿಸಿದರು ಅಂತ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ದೂರಿನಲ್ಲಿ ಬರೆದಿದೆ. ಮತ್ತೆ ಬ್ರೆಜಿಲ್! ನಮಗೆ ಕಲರ್ ಟಿವಿ ಕೊಡಿಸಿದ ದೇಶ ಅವರಿಗೆ ಸುಳ್ಳು ಲೆಕ್ಕ ಕೊಡಿಸಿತು. ಲೆಕ್ಕ ಕೇಳುವವನು ದುಡ್ಡು ಕೊಡುವವನಾದರೆ ಜಾಸ್ತಿ, ತಗೊಳ್ಳುವವನಾದರೆ ಕಮ್ಮಿ. ಅಷ್ಟೇ.

ಜಂಟಿ ಸಾಲ

ಈಗ ಕಂಪನಿ ಮುರಿದ ಬಗೆ. ನಮ್ಮ ಸಂಘದಲ್ಲಿ ಸಾಲಕ್ಕೆ ಬಂದವರು ಜಾಮೀನುದಾರರನ್ನು ಕರೆತರುತ್ತಾರೆ. ಅಣ್ಣನಿಗೆ ತಮ್ಮ, ತಮ್ಮನಿಗೆ ಅಣ್ಣ. ಸಾಲ ತಗೊಂಡವನು ಕೈ ಎತ್ತಿದರೆ ಜಾಮೀನು ಹಾಕಿದವನ ಮನೆಗೆ ನೋಟಿಸ್. ಇದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಸಹಿ ಹಾಕುತ್ತಾರೆ. ಅಡೆಲ್ಫಿಯಾದಲ್ಲಿ ಆದದ್ದೂ ಹೀಗೇ, ಸೊನ್ನೆಗಳು ಮಾತ್ರ ಜಾಸ್ತಿ. ಕಂಪನಿ ಮತ್ತು ರಿಗಾಸ್ ಮನೆಯವರ ಖಾಸಗಿ ಸಂಸ್ಥೆಗಳು ಸೇರಿ ಬ್ಯಾಂಕುಗಳಿಂದ ಜಂಟಿ ಸಾಲ ಎತ್ತಿದವು. ಯಾರು ಬೇಕಾದರೂ ಎಷ್ಟು ಬೇಕಾದರೂ ತೆಗೆಯಬಹುದು, ಇಡೀ ಸಾಲಕ್ಕೆ ಎಲ್ಲರೂ ಹೊಣೆ. ಮನೆಯವರು ಎತ್ತಿದ್ದರಲ್ಲಿ ದೊಡ್ಡ ಪಾಲು ಅಡೆಲ್ಫಿಯಾ ಷೇರು ಕೊಳ್ಳಲೇ ಹೋಯಿತು. ಕಂಪನಿ ಬೆಳೆಯಲು ಹೊಸ ಷೇರು ಮಾರಬೇಕು. ಮಾರಿದಷ್ಟೂ ಮನೆಯವರ ಹಿಡಿತ ಸಡಿಲ. ಹಿಡಿತ ಬಿಡಲು ಮನಸ್ಸಿಲ್ಲ. ಅದಕ್ಕೆ ಕಂಪನಿಯ ಹೆಗಲ ಮೇಲೆ ಸಾಲ ಮಾಡಿ ಕಂಪನಿಯನ್ನೇ ಕೊಂಡರು. ನನ್ನ ಕೈಗೆ ಇಂಥ ಫೈಲ್ ಬಂದರೆ ಎರಡು ಸಲ ಓದಬೇಕಾಗುತ್ತದೆ.

2002ರ ಮಾರ್ಚ್ 27ರಂದು ಕಂಪನಿ ತನ್ನ ಲೆಕ್ಕ ಪ್ರಕಟಿಸಿತು. ಕೊನೆಯಲ್ಲಿ ಒಂದು ಅಡಿಟಿಪ್ಪಣಿ. ಮನೆಯವರ ಜಂಟಿ ಸಾಲ 230 ಕೋಟಿ ಡಾಲರ್, ಕಂಪನಿಯ ಪುಸ್ತಕದಲ್ಲಿ ಅದು ಇಲ್ಲ. ಎನ್ರಾನ್ ಬಿದ್ದು ನಾಲ್ಕು ತಿಂಗಳೂ ಆಗಿರಲಿಲ್ಲ. ಎಲ್ಲರೂ ಅಡಿಟಿಪ್ಪಣಿಯನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದ ಕಾಲ. ಷೇರು ಬಿತ್ತು. ಮೇ ತಿಂಗಳಲ್ಲಿ ರಿಗಾಸ್ ರಾಜೀನಾಮೆ ಕೊಟ್ಟ. ಜೂನ್ 25ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಜುಲೈ 24ರ ಬೆಳಗ್ಗೆ ನ್ಯೂಯಾರ್ಕ್‌ನಲ್ಲಿ ಅವನನ್ನೂ ಇಬ್ಬರು ಗಂಡುಮಕ್ಕಳನ್ನೂ ಹಿಡಿದರು. ಅವನಿಗೆ 77 ವರ್ಷ. ಕೈಕೋಳ ಹಾಕಿ ಟಿವಿ ಕ್ಯಾಮೆರಾಗಳ ಮುಂದೆ ನಡೆಸಿಕೊಂಡು ಹೋದರು. 50 ವರ್ಷ ಟಿವಿಯನ್ನು ಮನೆಗೆ ತಲುಪಿಸಿದ ಮನುಷ್ಯ ಆ ದಿನ ಎಲ್ಲ ಮನೆಗಳ ಟಿವಿಯಲ್ಲಿ ಬಂದ.

ಕೋರ್ಟಿನಲ್ಲಿ ಹೊರಬಿದ್ದ ಖರ್ಚುಗಳನ್ನು ನಾನು ಒಂದೊಂದಾಗಿ ಓದಿದೆ. ನ್ಯೂಯಾರ್ಕ್‌ನಲ್ಲಿದ್ದ ಮಗಳಿಗೆ ಕ್ರಿಸ್‌ಮಸ್ ಮರ ತಲುಪಿಸಲು ಕಂಪನಿ ವಿಮಾನ. ಮನೆಯವರ ಜಮೀನಿನಲ್ಲಿ ಗಾಲ್ಫ್ ಮೈದಾನ ಮಾಡಲು ಕಂಪನಿ ದುಡ್ಡು. ಮಗ ತರಿಸಿದ 100 ಜೊತೆ ಮನೆ ಚಪ್ಪಲಿ. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅಪ್ಪ ಕಂಪನಿಯಿಂದ ಬೇಕಾದಾಗ ಬೇಕಾದಷ್ಟು ತೆಗೆಯುತ್ತಿದ್ದ. ಕೊನೆಗೆ ಲೆಕ್ಕ ನೋಡುತ್ತಿದ್ದ ಮಗ ಟಿಮ್‌ಗೇ ಗಾಬರಿಯಾಗಿ ಮಿತಿ ಹಾಕಿದ. ತಿಂಗಳಿಗೆ 10 ಲಕ್ಷ ಡಾಲರ್, ಅದಕ್ಕಿಂತ ಜಾಸ್ತಿ ಬೇಡ ಅಪ್ಪಾ ಅಂತ. ಇದನ್ನು ಓದಿ ಆಫೀಸಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಮಗನಿಗೆ ಸಮಸ್ಯೆ ಗೊತ್ತಿತ್ತು. ಅಪ್ಪನ ಕೈ ಚೀಲಕ್ಕೆ ಹೋಗುತ್ತಿದೆ ಅಂತ ಗೊತ್ತಿತ್ತು. ಆದರೆ ಚೀಲ ಅಪ್ಪನದಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಎಷ್ಟು ಅಂತ ಮಾತ್ರ ಹೇಳಿದ. ಬರೆಯುವುದಷ್ಟನ್ನೇ ಮಾಡಿದ ನಾನು ಅವನಿಗಿಂತ ದೊಡ್ಡ ಮನುಷ್ಯನೇನಲ್ಲ.

ಕೌಡರ್ಸ್‌ಪೋರ್ಟಿನ ಜನ ಅವನನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಕಾಯಿಲೆ ಬಿದ್ದವರನ್ನು ಕಂಪನಿ ವಿಮಾನದಲ್ಲಿ ದೂರದ ಆಸ್ಪತ್ರೆಗೆ ಕಳಿಸಿದ್ದ, ನೂರಾರು ಜನರಿಗೆ ಊರಲ್ಲೇ ಕೆಲಸ ಕೊಟ್ಟಿದ್ದ. ಊರಿನವರ ಮಾತು ನನಗೆ ಅರ್ಥವಾಗುತ್ತದೆ. ಆ ಹೆರಿಗೆಯ ಜೀಪನ್ನು ನೋಡಿದವನು ನಾನು. ಆದರೂ ಹೇಳುತ್ತೇನೆ, ಅವನು ಜೈಲಿಗೆ ಹೋದದ್ದು ಸರಿಯೇ. ಅಣ್ಣನ ಚೀಲದಲ್ಲಿ ಇದ್ದದ್ದು ಅಣ್ಣನ ಅಂಗಡಿಯ ದುಡ್ಡು, ಮುಳುಗಿದರೆ ಹೆಚ್ಚೆಂದರೆ ಒಂದು ಪಂದ್ಯ ಹೋಗುತ್ತಿತ್ತು. 1986ರಲ್ಲಿ ಷೇರು ಮಾರಿದ ದಿನವೇ ರಿಗಾಸ್‌ನ ಚೀಲ ಅವನದಾಗಿ ಉಳಿಯಲಿಲ್ಲ. ಹೆಸರು ಅಣ್ಣತಮ್ಮಂದಿರದೇ ಇದ್ದರೂ, ಹೆಡ್ ಆಫೀಸ್ ಊರಲ್ಲೇ ಇದ್ದರೂ. ಅವನಿಗೆ ಇದು ಗೊತ್ತಾಗಲಿಲ್ಲವೋ, ಗೊತ್ತಾಗುವುದು ಬೇಡವಾಗಿತ್ತೋ. ನನ್ನ ಅನುಮಾನ ಎರಡನೆಯದು. 2004ರಲ್ಲಿ ಅಪ್ಪ ಮತ್ತು ಟಿಮ್ ತಪ್ಪಿತಸ್ಥರು ಅಂತ ತೀರ್ಪು ಬಂತು. ಮರುವರ್ಷ ಅಪ್ಪನಿಗೆ 15 ವರ್ಷ, ಮಗನಿಗೆ 20 ವರ್ಷ ಶಿಕ್ಷೆ. ಆಮೇಲೆ ಅದು 12 ಮತ್ತು 17ಕ್ಕೆ ಇಳಿಯಿತು. ಕ್ಯಾನ್ಸರ್ ಆದ ಮೇಲೆ 2016ರಲ್ಲಿ ಮುದುಕನನ್ನು ಮನೆಗೆ ಬಿಟ್ಟರು. ಸತ್ತದ್ದು 2021ರಲ್ಲಿ, 96ನೇ ವಯಸ್ಸಿಗೆ.

ಪಾಲಾದ ವಯರು

ಅಡೆಲ್ಫಿಯಾವನ್ನು ಟೈಮ್ ವಾರ್ನರ್ ಮತ್ತು ಕಾಮ್‌ಕಾಸ್ಟ್ ಎಂಬ ಎರಡು ದೊಡ್ಡ ಕಂಪನಿಗಳು ಸೇರಿ ಸುಮಾರು 1,760 ಕೋಟಿ ಡಾಲರ್‌ಗೆ ಕೊಂಡು ಊರೂರು ಹಂಚಿಕೊಂಡವು. 2006ರ ಜುಲೈ 31ಕ್ಕೆ ವ್ಯವಹಾರ ಮುಗಿಯಿತು. ಆಸ್ತಿ ಪಾಲಾದಾಗ ಬಾವಿ ಒಬ್ಬನಿಗೆ, ಕಣ ಇನ್ನೊಬ್ಬನಿಗೆ ಬರುವ ಹಾಗೆ. ವಿಚಿತ್ರ ಏನೆಂದರೆ ವಯರಿಗೆ ಏನೂ ಆಗಲಿಲ್ಲ. ಟಿವಿ ಬರುತ್ತಲೇ ಇತ್ತು, ಬಿಲ್ಲಿನ ಮೇಲಿನ ಹೆಸರು ಬದಲಾಯಿತು. ಹತ್ತು ವರ್ಷದ ಮೇಲೆ ಆ ಟೈಮ್ ವಾರ್ನರ್ ಕೇಬಲ್ಲನ್ನೂ ಚಾರ್ಟರ್ ಎಂಬ ಇನ್ನೊಂದು ಕೇಬಲ್ ಕಂಪನಿ ಕೊಂಡುಕೊಂಡಿತು. ಅಡೆಲ್ಫಿಯಾದ ಹೆಡ್ ಆಫೀಸ್ ದಿವಾಳಿಯ ಕಾಲದಲ್ಲೇ ಕೊಲೊರಾಡೊಗೆ ಹೋಗಿಯಾಗಿತ್ತು. ಕೌಡರ್ಸ್‌ಪೋರ್ಟಿನಲ್ಲಿ ಉಳಿದದ್ದು ಕಟ್ಟಡ.

ನಮ್ಮಲ್ಲಿ ಸೆಟ್ ಟಾಪ್ ಬಾಕ್ಸ್ ಬಂತು. ಹಳ್ಳಿಗಳಿಗೆ 2017ರ ಮಾರ್ಚ್ ಕೊನೆ ಗಡುವು. ಬಾಕ್ಸ್ ಬಂದ ಮೇಲೆ ಎರಡನೇ ನೋಟ್‌ಬುಕ್ಕಿಗೆ ಕೆಲಸವಿಲ್ಲ. ಯಾವ ಮನೆಯಲ್ಲಿ ಟಿವಿ ಇದೆ ಅಂತ ಎಲ್ಲೋ ದೂರದ ಕಂಪ್ಯೂಟರ್‌ಗೇ ಗೊತ್ತು. ಅಣ್ಣ ತಮ್ಮ ವಯರಿನ ಮೇಲೆ ಯಾರದೋ ಏಜೆಂಟ್ ಆದರು. ಮರುವರ್ಷ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. ಹಟ್ಟಿಹೊಳೆ ಕಡೆ ರಸ್ತೆಯೇ ಹೋಯಿತು, ಇನ್ನು ಮರದ ಮೇಲಿನ ವಯರ್ ಎಲ್ಲಿ? ಜನರ ಮನೆ ಹೋಗಿದ್ದಾಗ ಕೇಬಲ್ ಬಗ್ಗೆ ಕೇಳುವವರು ಯಾರೂ ಇರಲಿಲ್ಲ. ಅಣ್ಣ ಆ ಲೈನನ್ನು ಮತ್ತೆ ಎಳೆಯಲಿಲ್ಲ. ವಯಸ್ಸೂ ಆಗಿತ್ತು.

ಮೆಣಸು ಕೊಯ್ದ ವಾರ ಅವರ ಅಂಗಡಿಗೆ ಹೋಗಿದ್ದೆ. ಈಗ ಅಲ್ಲಿ ಜೆರಾಕ್ಸ್, ಮೊಬೈಲ್ ರೀಚಾರ್ಜ್, ಒಂದು ಮೂಲೆಯಲ್ಲಿ ಹಳೆ ಆಂಪ್ಲಿಫೈಯರ್‌ಗಳ ರಾಶಿ. ಮಗ ಇಲ್ಲದ ಹೊತ್ತಿಗೆ ಅಣ್ಣ ಗಲ್ಲಾದಲ್ಲಿ ಕೂರುತ್ತಾರೆ. ಅಡೆಲ್ಫಿಯಾ ಕಥೆ ಹೇಳಿದೆ. ಪೂರ್ತಿ ಕೇಳಿದರು. ಚಪ್ಪಲಿಯ ವಿಷಯಕ್ಕೆ ಮಾತ್ರ "ನೂರು ಜೊತೆ ಯಾಕೆ ಮಾರಾಯಾ?" ಅಂದರು. ಆಮೇಲೆ ನಾನು ನಮ್ಮ ತೋಟದ ವಯರಿನ ಸುದ್ದಿ ಎತ್ತಿದೆ. ಬಿಚ್ಚಿಸಿಕೊಂಡು ಹೋಗಿ, ತಾಮ್ರಕ್ಕಾದರೂ ಬೆಲೆ ಬರುತ್ತೆ ಅಂದೆ.

"ಅದರಲ್ಲಿ ತಾಮ್ರ ಎಲ್ಲಿದೆ ತಮ್ಮಾ? ಕಬ್ಬಿಣಕ್ಕೆ ಲೇಪ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಮನೆದು ಎರಡು ತಿಂಗಳು ಬಾಕಿ ಇದೆ. ಗುಡ್ಡ ಬೀಳೋ ಮೊದಲಿಂದು, ಜೂನ್, ಜುಲೈ."

ತಮಾಷೆ ಅಂದುಕೊಂಡೆ. ಮುಖ ನೋಡಿದೆ, ತಮಾಷೆ ಇರಲಿಲ್ಲ. ಐನೂರರ ನೋಟು ತೆಗೆದು ಕೊಟ್ಟೆ. ಅಣ್ಣ ಗಲ್ಲಾಪೆಟ್ಟಿಗೆ ಎಳೆದರು, ಚಿಲ್ಲರೆ ಎಣಿಸಿ ಕೊಟ್ಟರು, ಪೆಟ್ಟಿಗೆ ಮುಚ್ಚಿದರು. ಐನೂರರ ನೋಟನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು.